ಗಜನಿ ಮಣ್ಣಿಗೆ ಸಿಮೆಂಟ್ ಸರಿ, ನಾರು ಯಾಕೆ?

ಕುಮಟಾ ಕಡೆಯಿಂದ ವರ್ಷಕ್ಕೆ ಎರಡು ಮೂರು ಫೋನ್ ಬರುತ್ತವೆ. ಪ್ರಶ್ನೆ ಒಂದೇ. "ಸರ್, ಗಜನಿ ಪಕ್ಕ ಜಾಗ ಇದೆ. ಸಿಮೆಂಟ್ ಕಲಸಿ ಗಟ್ಟಿ ಮಾಡಬಹುದಂತಲ್ಲ, ಎಷ್ಟು ಚೀಲ ಬೇಕು?" ಗಜನಿ ಅಂದರೆ ಅಘನಾಶಿನಿ ಅಳಿವೆಯ ಬದಿಯ ತಗ್ಗು ಗದ್ದೆ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಜಾಗ. ಅಲ್ಲಿನ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಜಾರಿ ಹೊರಗೆ ಬರುತ್ತದೆ. ಚೀಲದ ಲೆಕ್ಕ ಹೇಳುವ ಮೊದಲು ನಾನು ನೀರಿನ ಲೆಕ್ಕ ಕೇಳುತ್ತೇನೆ. (ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಇದೆಯಾ ಅಂತಲೂ ಕೇಳುತ್ತೇನೆ, ಅದು ಬೇರೆ ಕಥೆ.)

ಒಣ ತೂಕದ ಶೇ. 80ರಷ್ಟು ನೀರು ಕುಡಿದ ಮಣ್ಣು ಅಂದುಕೊಳ್ಳಿ. ಒಂದು ಘನ ಮೀಟರ್‌ನಲ್ಲಿ ಒಣ ಮಣ್ಣು ಸುಮಾರು 850 ಕಿಲೋ, ನೀರು 680 ಕಿಲೋ. ಇದಕ್ಕೆ ಶೇ. 10 ಸಿಮೆಂಟ್ ಅಂದರೆ 85 ಕಿಲೋ, ಎರಡು ಚೀಲವೂ ಇಲ್ಲ. ಒಂದು ಕಿಲೋ ಸಿಮೆಂಟಿಗೆ ಎಂಟು ಕಿಲೋ ನೀರಾಯಿತು! ಮನೆಯ ಸ್ಲ್ಯಾಬಿಗೆ ಕಿಲೋ ಸಿಮೆಂಟಿಗೆ ಅರ್ಧ ಕಿಲೋ ನೀರು, ಅದಕ್ಕಿಂತ ಚೂರು ಜಾಸ್ತಿ ಸುರಿದರೂ ಮೇಸ್ತ್ರಿ ಜೊತೆ ಜಗಳ ಆಡುತ್ತೇವೆ, ಅಲ್ವಾ?

ಆದರೂ ಗಟ್ಟಿಯಾಗುತ್ತದೆ. ಸಿಮೆಂಟ್ ನೀರು ಹೀರಿ ಅಂಟು ಕಟ್ಟುತ್ತದೆ, ಆಗ ಹೊರಬರುವ ಸುಣ್ಣ ಜೇಡಿಯ ಕಣಗಳ ಜೊತೆ ನಿಧಾನವಾಗಿ ಕೂಡಿಕೊಂಡು ತಿಂಗಳುಗಟ್ಟಲೆ ಬಿಗಿಯಾಗುತ್ತಾ ಹೋಗುತ್ತದೆ. ಮಣ್ಣು ಕಪ್ಪಗಿದ್ದು ಕೊಳೆತ ಬೇರಿನ ವಾಸನೆ ಹೊಡೆದರೆ ಮಾತ್ರ ಹುಷಾರು, ಅಲ್ಲಿ ಸಿಮೆಂಟ್ ಬೇಗ ಸೆಟ್ ಆಗದೆ ಹಟ ಮಾಡುತ್ತದೆ.

ಈಗ ನಾರು, ಅಂದರೆ ಸಿಮೆಂಟ್ ಜೊತೆ ಮಣ್ಣಿಗೆ ಕಲಸುವ ಸಣ್ಣ ಎಳೆಗಳು. ಲ್ಯಾಬಿನಲ್ಲಿ 38 ಮಿ.ಮೀ. ಅಗಲ, 76 ಮಿ.ಮೀ. ಎತ್ತರದ ಸಿಲಿಂಡರ್ ಮಾಡಿ ಮೇಲಿಂದ ಒತ್ತುತ್ತೇವೆ. ಬರೀ ಸಿಮೆಂಟ್ ಹಾಕಿದ್ದು ಚೆನ್ನಾಗಿಯೇ ತಡೆಯುತ್ತದೆ. ಭಾರ ತೋರಿಸುವ ಮುಳ್ಳು ಏರುತ್ತಾ ಹೋಗುತ್ತದೆ, ಆಮೇಲೆ ಟಕ್ ಅಂತ ಉದ್ದಕ್ಕೆ ಸೀಳು, ತಟ್ಟೆಯ ಮೇಲೆ ಎರಡು ಹೋಳು. ನಾರು ಹಾಕಿದ್ದೂ ಬಿರುಕು ಬಿಡುತ್ತದೆ. ಆದರೆ ಬೀಳುವುದಿಲ್ಲ. ಟಾರ್ಚ್ ಹಿಡಿದು ನೋಡಿದರೆ ಬಿಳಿ ಎಳೆಗಳು ಬಿರುಕಿನ ಎರಡೂ ಬದಿ ಕಚ್ಚಿಕೊಂಡು ನಿಂತಿರುತ್ತವೆ, ಸಿಲಿಂಡರ್ ಹೊಟ್ಟೆ ಉಬ್ಬಿಸಿಕೊಂಡು ಇನ್ನೂ ಭಾರ ಹೊರುತ್ತಿರುತ್ತದೆ. ನಾರಿನ ಕೆಲಸ ಶುರುವಾಗುವುದೇ ಬಿರುಕು ಬಿಟ್ಟ ಮೇಲೆ. ನಮ್ಮ ಅಜ್ಜಂದಿರು ಗೋಡೆ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದದ್ದೂ ಸುಮ್ನೆ ಅಲ್ಲ.

12 ಮಿ.ಮೀ. ಉದ್ದದ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ನಾರು ಒಣ ಮಣ್ಣಿನ ತೂಕದ ಶೇ. ಅರ್ಧದಷ್ಟು ಸಾಕು, ಅಂದರೆ ಘನ ಮೀಟರಿಗೆ ನಾಲ್ಕು ಕಿಲೋ ಚಿಲ್ಲರೆ. ಶೇ. 1 ದಾಟಿದರೆ ಉಂಡೆ ಕಟ್ಟುತ್ತದೆ. ತೆಂಗಿನ ನಾರು ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಕತ್ತರಿಸಿ ಹಾಕಬಹುದು. ಸೆಣಬಿಗಿಂತ ತಡೆಯುತ್ತದೆ, ಆದರೂ ವರ್ಷಗಳಲ್ಲಿ ಕೊಳೆಯುತ್ತದೆ. ತಾತ್ಕಾಲಿಕ ದಾರಿಗೆ ನನ್ನ ಆಯ್ಕೆ ಅದೇ, ಗದ್ದೆಗೆ ಪ್ಲಾಸ್ಟಿಕ್ ತುಂಬಲು ನನಗೆ ಮನಸ್ಸಿಲ್ಲ.

ಒಮ್ಮೆ ಸಿಗಡಿ ಕೆರೆಯೊಂದರ ದಾರಿಗೆ ಹೀಗೇ ಸಿಮೆಂಟ್, ನಾರು ಎರಡನ್ನೂ ಬರೆದುಕೊಟ್ಟೆ. ಲ್ಯಾಬ್ ರಿಪೋರ್ಟ್ ಚೆನ್ನಾಗಿತ್ತು ಅಂತ ಸೈಟಿಗೆ ಹೋಗಲಿಲ್ಲ, ತಪ್ಪು ನನ್ನದೇ. ಜೆಸಿಬಿ ಬಕೆಟ್‌ನಲ್ಲಿ ನಾಲ್ಕು ಸಲ ಮಗುಚಿ ಬಿಟ್ಟಿದ್ದರು. ತಿಂಗಳ ಮೇಲೆ ಒಡೆದು ನೋಡಿದರೆ ಹೊರಗೆ ಸಿಮೆಂಟ್, ಒಳಗೆ ಹೂರಣದ ಹಾಗೆ ಹಸಿ ಜೇಡಿ. ನಾರಂತೂ ಪ್ಯಾಕೆಟ್‌ನಿಂದ ಬಿದ್ದ ಹಾಗೇ ಕಟ್ಟುಕಟ್ಟಾಗಿತ್ತು! ಮತ್ತೆ ಮಾಡುವಾಗ ಬೇಸಿಗೆಗೆ ಕಾದೆವು. ಮಣ್ಣು ಚೂರು ಆರಿದ ಮೇಲೆ ರೋಟವೇಟರ್ ಹೊಡೆಸಿ, ನಾರನ್ನು ಕೈಯಿಂದ ಬಿಡಿಸಿ ಉದುರಿಸಿ, ಇನ್ನೊಮ್ಮೆ ಹೊಡೆಸಿ, ಸಿಮೆಂಟನ್ನು ಕೊನೆಗೆ ಹಾಕಿ, ಎರಡು ಗಂಟೆಯೊಳಗೆ ರೋಲರ್ ಓಡಿಸಿದೆವು. ಇಷ್ಟೆಲ್ಲ ಮಾಡಿದರೂ ಸೈಟಿನಲ್ಲಿ ಲ್ಯಾಬಿನ ಅರ್ಧ ಬಲ ಬಂದರೆ ಪುಣ್ಯ ಅಂತಲೇ ನಾನು ಲೆಕ್ಕ ಹಾಕುವುದು.

ಇನ್ನು ಮನೆಯ ವಿಷಯ. ಮೇಲಿನ ಒಂದು ಮೀಟರ್ ಗಟ್ಟಿ ಮಾಡಿದರೂ ಅದರ ಕೆಳಗಿನ ಕೆಸರು ಕೆಸರಾಗಿಯೇ ಇರುತ್ತದೆ, ಭಾರ ಬಿದ್ದರೆ ವರ್ಷಗಟ್ಟಲೆ ಕುಗ್ಗುತ್ತದೆ. ಗಟ್ಟಿ ಪದರವೂ ಅದರ ಜೊತೆ ಇಳಿಯುತ್ತದೆ. ಹಾಗಾಗಿ ಫೋನ್ ಮಾಡಿದವರು ಗಾಡಿ ಹೋಗುವ ದಾರಿಗೆ ಅಂದರೆ ಚೀಲದ ಲೆಕ್ಕ ಕೊಡುತ್ತೇನೆ. ಎರಡು ಮಹಡಿ ಅಂದರೆ ಮೊದಲು ಬೋರ್ ಹೊಡೆಸಿ ಮಣ್ಣಿನ ಪರೀಕ್ಷೆ ಮಾಡಿಸಿ ಅನ್ನುತ್ತೇನೆ, ಹೆಚ್ಚಿನ ಸಲ ಪೈಲ್ (ಕೆಳಗಿನ ಗಟ್ಟಿ ನೆಲದವರೆಗೆ ಇಳಿಸುವ ಕಂಬ) ಬೇಕೇ ಬೇಕಾಗುತ್ತದೆ.