ಪೆಟ್ ಸ್ಕ್ಯಾನ್‌ನ ಕಪ್ಪು ಕಲೆ ಏನು ಹೇಳುತ್ತದೆ?

ಪೆಟ್ ಸ್ಕ್ಯಾನ್ ಚಿತ್ರವನ್ನು ಮೊದಲ ಸಲ ನೋಡುವವರ ಕಣ್ಣು ನೇರ ಹೋಗುವುದು ಅತಿ ಕಪ್ಪಾದ ಕಲೆಗಳ ಕಡೆಗೆ. 'ಡಾಕ್ಟರೇ, ಕ್ಯಾನ್ಸರ್ ತಲೆಗೂ ಹರಡಿದೆಯೇ?' ಎಂದು ಗಾಬರಿಯಿಂದ ಕೇಳುತ್ತಾರೆ. ಆ ಕಪ್ಪು ಆರೋಗ್ಯವಂತ ಮಿದುಳಿನದು. ಮಿದುಳಿಗೆ ಯಾವಾಗಲೂ ಸಕ್ಕರೆ ಬೇಕು, ಸ್ಕ್ಯಾನ್‌ಗೆ ಮುಂಚೆ ನಾವು ಚುಚ್ಚುವುದೂ ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆಯನ್ನೇ; ಅದು ಹೆಚ್ಚು ಸೇರಿದ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ.

ಆ ಸಕ್ಕರೆಯ ಹೆಸರು ಎಫ್‌ಡಿಜಿ. ಗ್ಲೂಕೋಸ್ ಅಣುವಿನ ಎರಡನೆಯ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಲ್ಲಿ ವಿಕಿರಣಶೀಲ ಫ್ಲೋರಿನ್-18 ಕೂರಿಸಿದರೆ ಇದು ಸಿದ್ಧ. ಜೀವಕೋಶ ಇದನ್ನು ನಿಜವಾದ ಗ್ಲೂಕೋಸ್ ಎಂದೇ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಹಂತಕ್ಕೆ ಬೇಕಾದದ್ದು ನಾವು ಕಿತ್ತುಹಾಕಿದ ಆ ಹೈಡ್ರಾಕ್ಸಿಲ್ಲೇ. ಹಾಗಾಗಿ ಅಣು ಕರಗುವಂತೆಯೂ ಇಲ್ಲ, ಹೊರಬರುವಂತೆಯೂ ಇಲ್ಲ. ಬೋನಿಗೆ ಬಿದ್ದ ಇಲಿ. ಮೂತ್ರಪಿಂಡಕ್ಕೆ ಮಾತ್ರ ಈ ಮೋಸ ಗೊತ್ತಾಗುತ್ತದೆ: ಗ್ಲೂಕೋಸನ್ನು ಮರಳಿ ಹೀರಿಕೊಳ್ಳುವ ಅದು ಎಫ್‌ಡಿಜಿಯನ್ನು ಬಹುಮಟ್ಟಿಗೆ ಹೊರಗೆ ಬಿಡುತ್ತದೆ. ಮೂತ್ರಕೋಶ ಅಷ್ಟು ಕಪ್ಪಗಿರುವುದು ಅದಕ್ಕೆ.

1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟಾಗ ಉದ್ದೇಶ ಮಿದುಳನ್ನು ನೋಡುವುದಾಗಿತ್ತು. ಕ್ಯಾನ್ಸರ್ ಹುಡುಕುವ ಬಳಕೆ ಆಮೇಲೆ ಬಂತು. ಗೆಡ್ಡೆಗಳು ಸಕ್ಕರೆಯನ್ನು ವಿಪರೀತ ಬಳಸುತ್ತವೆ ಎಂದು ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು.

ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು 110 ನಿಮಿಷ. ಔಷಧ ತಯಾರಾದ ಕ್ಷಣದಿಂದಲೇ ಸವೆಯುತ್ತಿರುತ್ತದೆ, ಆದ್ದರಿಂದ ಕೊಟ್ಟ ಸಮಯಕ್ಕೆ ಬನ್ನಿ ಎಂದು ನಮ್ಮವರು ಗದರುವುದರಲ್ಲಿ ಅರ್ಥವಿದೆ. ಸ್ಕ್ಯಾನ್‌ಗೆ ಮುಂಚಿನ ಉಪವಾಸದ ವಿಷಯದಲ್ಲಂತೂ ನಾನು ರಾಜಿಯಾಗುವುದಿಲ್ಲ. 'ಒಂದು ಲೋಟ ಕಾಫಿ ಅಷ್ಟೇ' ಎನ್ನುತ್ತಾರೆ. ಆ ಲೋಟದಲ್ಲಿನ ಸಕ್ಕರೆ ಇನ್ಸುಲಿನ್ನನ್ನು ಎಬ್ಬಿಸುತ್ತದೆ, ಇನ್ಸುಲಿನ್ ಎಫ್‌ಡಿಜಿಯನ್ನು ಸ್ನಾಯುಗಳೊಳಗೆ ತಳ್ಳುತ್ತದೆ, ಗೆಡ್ಡೆಯ ಪಾಲಿಗೆ ಕಡಿಮೆ ಬೀಳುತ್ತದೆ. ಇಂಜೆಕ್ಷನ್ ಆದ ಮೇಲಿನ ಒಂದು ಗಂಟೆ ಸುಮ್ಮನೆ ಕೂರಬೇಕು. ಹರಟೆ ಹೊಡೆದರೆ ಧ್ವನಿಪೆಟ್ಟಿಗೆಯ ಸ್ನಾಯುಗಳೂ ಚಿತ್ರದಲ್ಲಿ ಕಾಣುತ್ತವೆ.

ನಮ್ಮ ದೇಶದಲ್ಲಿ ದೊಡ್ಡ ತೊಡಕು ಕ್ಷಯದ್ದು. ಕ್ಷಯದ ಗಂಟಿನಲ್ಲಿ ಹೋರಾಡುತ್ತಿರುವ ರಕ್ಷಕ ಕೋಶಗಳಿಗೂ ಸಕ್ಕರೆಯ ಹಸಿವು ವಿಪರೀತ. ಎದೆಯ ನಡುವಿನ ದುಗ್ಧಗ್ರಂಥಿಗಳು ಕಪ್ಪಾಗಿದ್ದರೆ ಅದು ಲಿಂಫೋಮಾ ಎಂಬ ದುಗ್ಧವ್ಯವಸ್ಥೆಯ ಕ್ಯಾನ್ಸರ್ ಇರಬಹುದು, ಕ್ಷಯವೂ ಇರಬಹುದು, ಸಾರ್ಕಾಯ್ಡೋಸಿಸ್ ಎಂಬ ಕ್ಯಾನ್ಸರ್ ಅಲ್ಲದ ಉರಿಯೂತದ ಕಾಯಿಲೆ ಕೂಡ. ಒಂದು ಜಾಗ ಎಫ್‌ಡಿಜಿಯನ್ನು ಎಷ್ಟು ಹೀರಿದೆ ಎಂದು ತಿಳಿಸುವ ಎಸ್‌ಯುವಿ ಎಂಬ ಅಂಕಿ 2.5 ದಾಟಿದರೆ ಕ್ಯಾನ್ಸರ್ ಎಂಬ ಹಳೆಯ ಗೆರೆಯನ್ನು ಇಲ್ಲಿ ನೆಚ್ಚಿಕೊಳ್ಳಲಾಗದು. ವರದಿಯಲ್ಲಿ ನಾವು 'ಬಯಾಪ್ಸಿ ಸೂಕ್ತ' (ತುಣುಕು ತೆಗೆದು ಪರೀಕ್ಷಿಸಿ) ಎಂದು ಬರೆದರೆ ಅದು ನುಣುಚಿಕೊಳ್ಳುವ ಮಾತಲ್ಲ. ಸೂಜಿಯನ್ನು ಯಾವ ಗ್ರಂಥಿಗೆ ಹಾಕಬೇಕು ಎಂಬುದನ್ನು ಸ್ಕ್ಯಾನ್ ಹೇಳಿದೆ, ಅದೇ ದೊಡ್ಡ ಉಪಕಾರ.

ಇನ್ನು ಕ್ಯಾನ್ಸರ್ ಇದ್ದೂ ಕಪ್ಪಾಗದ ಪ್ರಸಂಗ. ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಸಲ ಎಫ್‌ಡಿಜಿಯನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬೇರೆ ಶೋಧಕ ಅಣು ಬೇಕು: ಆ ಕೋಶಗಳ ಮೈಮೇಲೆ ಹೇರಳವಾಗಿರುವ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಚಿಕ್ಕ ಅಣುವಿಗೆ ವಿಕಿರಣಶೀಲ ಗ್ಯಾಲಿಯಂ-68 ಕಟ್ಟಿ ಕಳಿಸುತ್ತೇವೆ. ಇಂಥದೇ ಅಣುವಿಗೆ ಗ್ಯಾಲಿಯಂ ಬದಲು ಕೋಶಗಳನ್ನು ಕೊಲ್ಲಬಲ್ಲ ವಿಕಿರಣ ಸೂಸುವ ಲುಟೇಶಿಯಂ-177 ಕಟ್ಟಿದರೆ ಅದು ಚಿಕಿತ್ಸೆಯಾಗುತ್ತದೆ. ಕಂಡ ಗೆಡ್ಡೆಗೇ ವಿಕಿರಣ ತಲುಪುತ್ತದೆ. ಆದರೆ ಪಿಎಸ್‌ಎಂಎ ಸ್ಕ್ಯಾನ್‌ನಲ್ಲಿ ಗೆಡ್ಡೆಯ ಜೊತೆಗೆ ಲಾಲಾರಸದ ಗ್ರಂಥಿಗಳೂ ಕಪ್ಪಾಗಿ ಕಾಣುತ್ತವೆ. ಲುಟೇಶಿಯಂ ಪಡೆದವರಲ್ಲಿ ಕೆಲವರಿಗೆ ಬಾಯಿ ಒಣಗುವುದು ಅದರಿಂದಲೇ.