ಏರ್‌ಬ್ಯಾಗ್ ಒಳಗಿನ ಉಪ್ಪು ಟಕಾಟಾ ಕಂಪನಿಯನ್ನು ಮುಳುಗಿಸಿದ ಕಥೆ

2014ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲಾಂಡೊದಲ್ಲಿ ಒಂದು ಕಾರು ಅಪಘಾತವಾಯಿತು. ಕಾರು 2001ರ ಹೋಂಡಾ ಅಕಾರ್ಡ್. ಓಡಿಸುತ್ತಿದ್ದ ಮಹಿಳೆಯ ಕುತ್ತಿಗೆಯಲ್ಲಿ ಆಳವಾದ ಗಾಯಗಳಿದ್ದವು. ಡಿಕ್ಕಿಯಲ್ಲಿ ಆಗುವಂಥ ಗಾಯ ಅದಲ್ಲ, ಯಾರೋ ಚಾಕುವಿನಿಂದ ಇರಿದ ಹಾಗಿತ್ತು. ತನಿಖೆಗೆ ಬಂದವರಿಗೆ ಇದು ಕೊಲೆಯೇನೋ ಅನ್ನುವ ಅನುಮಾನವೇ ಬಂತು. ಆಕೆ ಕೆಲವು ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆ ಅವರ ಮನೆಗೆ ಹೋಂಡಾ ಕಂಪನಿಯಿಂದ ಪತ್ರ ಬಂತು. ನಿಮ್ಮ ಕಾರಿನ ಏರ್‌ಬ್ಯಾಗ್‌ನಲ್ಲಿ ದೋಷವಿದೆ, ತಂದು ಸರಿಮಾಡಿಸಿಕೊಳ್ಳಿ ಅಂತ.

ಇರಿದದ್ದು ಏರ್‌ಬ್ಯಾಗೇ. ಅದನ್ನು ತಯಾರಿಸಿದ್ದು ಜಪಾನಿನ ಟಕಾಟಾ ಕಂಪನಿ.

ಏರ್‌ಬ್ಯಾಗ್ ಅಂದರೆ ಗಾಳಿ ತುಂಬಿದ ಚೀಲ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಮಡಚಿಟ್ಟ ಖಾಲಿ ಚೀಲ. ಅದರ ಹಿಂದೆ ಇನ್‌ಫ್ಲೇಟರ್ ಅನ್ನುವ ಲೋಹದ ಗಟ್ಟಿ ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಬಿಲ್ಲೆಗಳ ರೂಪದಲ್ಲಿ ಒತ್ತಿಟ್ಟ ಮದ್ದು. ಕಾರು ಎಲ್ಲಿಗಾದರೂ ಗುದ್ದಿದ ತಕ್ಷಣ ಸೆನ್ಸರ್ ಒಂದು ಕಿಡಿ ಹಾರಿಸುತ್ತದೆ. ಮದ್ದು ಉರಿದು ಅನಿಲವಾಗುತ್ತದೆ, ಡಬ್ಬಿಯ ತೂತುಗಳಿಂದ ನುಗ್ಗಿ ಚೀಲವನ್ನು ಉಬ್ಬಿಸುತ್ತದೆ. ಇಷ್ಟೂ ಆಗಬೇಕಾದದ್ದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ಪಂಪಿನಿಂದ ಆಗುವ ಕೆಲಸ ಇದಲ್ಲ, ಹಾಗಾಗಿಯೇ ಮದ್ದು ಬೇಕು. ಸ್ಟೀರಿಂಗ್‌ನ ನಡುವೆ, ನಮ್ಮ ಎದೆಯಿಂದ ಮೊಳದಷ್ಟು ದೂರದಲ್ಲಿ, ಒಂದು ಚಿಕ್ಕ ಸ್ಫೋಟಕ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಅದು ಕೆಲಸ ಮಾಡಬೇಕಾದದ್ದು ಜೀವಮಾನದಲ್ಲಿ ಒಂದೇ ಸಲ. ಬಹುತೇಕ ಕಾರುಗಳಲ್ಲಿ ಆ ಒಂದು ಸಲವೂ ಬರುವುದಿಲ್ಲ.

ಟಕಾಟಾ ಶುರುವಾದದ್ದು 1933ರಲ್ಲಿ, ಜಪಾನಿನ ಶಿಗಾ ಪ್ರಾಂತ್ಯದಲ್ಲಿ, ಒಂದು ನೇಯ್ಗೆ ಉದ್ಯಮವಾಗಿ. ಪ್ಯಾರಾಚೂಟಿಗೆ ಬೇಕಾದ ಹಗ್ಗ ಹೆಣೆಯುತ್ತಿದ್ದವರು ಆಮೇಲೆ ಸೀಟ್ ಬೆಲ್ಟ್ ಮಾಡಿದರು. 1980ರ ದಶಕದಲ್ಲಿ ಏರ್‌ಬ್ಯಾಗಿಗೆ ಕೈ ಹಾಕಿದರು. 2010ರ ಹೊತ್ತಿಗೆ ಜಗತ್ತಿನ ಐದು ಏರ್‌ಬ್ಯಾಗ್‌ಗಳಲ್ಲಿ ಸುಮಾರು ಒಂದು ಇವರದ್ದು. ಜೀವ ಉಳಿಸುವ ಸಾಮಾನು ಮಾಡುವವರು ಅನ್ನುವ ಹೆಸರು ಬೇರೆ ಇತ್ತು.

ಎಡವಿದ್ದು ಮದ್ದಿನ ಆಯ್ಕೆಯಲ್ಲಿ. ಮೊದಲ ಕಾಲದ ಏರ್‌ಬ್ಯಾಗ್‌ಗಳಲ್ಲಿ ಸೋಡಿಯಂ ಅಝೈಡ್ ಇರುತ್ತಿತ್ತು. ಉರಿದರೆ ನೈಟ್ರೋಜನ್ ಕೊಡುತ್ತದೆ, ಆದರೆ ಅದು ವಿಷ. ಹಾಗಾಗಿ 1990ರ ದಶಕದಲ್ಲಿ ಎಲ್ಲ ಕಂಪನಿಗಳೂ ಬೇರೆ ಮದ್ದು ಹುಡುಕತೊಡಗಿದವು. ಟಕಾಟಾ ಮೊದಲು ಟೆಟ್ರಝೋಲ್ ಅನ್ನುವ ರಾಸಾಯನಿಕಕ್ಕೆ ಬಂತು. ಒಳ್ಳೆಯ ಮದ್ದು, ಆದರೆ ದುಬಾರಿ. 2000ದ ಆಸುಪಾಸಿನಲ್ಲಿ ಅದನ್ನೂ ಬಿಟ್ಟು ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ಉಪ್ಪನ್ನು ಹಿಡಿಯಿತು.

ಈ ಹೆಸರು ನಮಗೆ ಹೊಸದಲ್ಲ. ಗೊಬ್ಬರವಾಗಿ ಬಳಕೆಯಲ್ಲಿದೆ, ಕಲ್ಲು ಕ್ವಾರಿಯ ಸಿಡಿಮದ್ದಿನಲ್ಲೂ ಇದೆ. 2020ರ ಆಗಸ್ಟ್‌ನಲ್ಲಿ ಬೈರುತ್ ಬಂದರನ್ನು ನೆಲಸಮ ಮಾಡಿದ್ದು ಗೋದಾಮಿನಲ್ಲಿ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟೇ. ಏರ್‌ಬ್ಯಾಗ್ ಮಾಡುವವರಿಗೆ ಇದು ಆಸೆ ಹುಟ್ಟಿಸುವ ವಸ್ತು. ಬಲು ಅಗ್ಗ. ಉರಿದರೆ ಹೆಚ್ಚುಕಡಿಮೆ ಪೂರ್ತಿ ಅನಿಲವೇ ಆಗುತ್ತದೆ, ಮಸಿ ಕಡಿಮೆ. ಹಾಗಾಗಿ ಡಬ್ಬಿ ಚಿಕ್ಕದಾಗಿ, ಹಗುರವಾಗಿ ಮಾಡಬಹುದು. ಕಾರು ಕಂಪನಿಗಳಿಗೂ ಬೇಕಾದದ್ದು ಅದೇ ಅಲ್ವಾ?

ಆದರೆ ಇದಕ್ಕೆ ಎರಡು ಕೆಟ್ಟ ಗುಣಗಳಿವೆ. 32 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದರ ಹರಳಿನ ಜೋಡಣೆಯೇ ಬದಲಾಗುತ್ತದೆ. ಆಗ ಗಾತ್ರ ಶೇ 3ಕ್ಕಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದಾಗ ಮತ್ತೆ ಕುಗ್ಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ದಿನಾ ಇದೇ ನಡೆದರೆ ಬಿಲ್ಲೆ ಬಿರುಕು ಬಿಡದೆ ಇರುತ್ತದೆಯೇ? ಇದಕ್ಕೆ ಟಕಾಟಾ ಎಂಜಿನಿಯರ್‌ಗಳು ಪರಿಹಾರ ಕಂಡುಕೊಂಡಿದ್ದರು. ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದರೆ ಈ ರೂಪ ಬದಲಾವಣೆ ನಿಲ್ಲುತ್ತದೆ. ಕೆಮಿಸ್ಟ್ರಿ ಮಟ್ಟಿಗೆ ಅದು ಜಾಣ ಕೆಲಸವೇ.

ಎರಡನೆಯ ಗುಣಕ್ಕೆ ಮಾತ್ರ ಅವರು ಪರಿಹಾರ ಮಾಡಲಿಲ್ಲ. ಅಮೋನಿಯಂ ನೈಟ್ರೇಟ್ ನೀರು ಕುಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿಟ್ಟ ಭರಣಿಯೊಳಗೂ ಉಪ್ಪು ಒದ್ದೆಯಾಗುತ್ತದಲ್ಲ, ಹಾಗೆ. ಇನ್‌ಫ್ಲೇಟರ್ ಡಬ್ಬಿಯನ್ನು ಎಷ್ಟೇ ಬಿಗಿಯಾಗಿ ಮುಚ್ಚಿದರೂ ವರ್ಷಗಳು ಕಳೆದಂತೆ ಚೂರುಚೂರೇ ತೇವ ಒಳಗೆ ಹೋಗುತ್ತದೆ. ತಯಾರಿಸುವಾಗಲೇ ಸ್ವಲ್ಪ ಸೇರಿಕೊಂಡಿದ್ದರೂ ಸಾಕು. ಹಗಲು ಕಾರು ಕಾದಾಗ ಆ ತೇವ ಡಬ್ಬಿಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ರಾತ್ರಿ ತಣಿದಾಗ ಮತ್ತೆ ಕೂರುತ್ತದೆ. ಹೀಗೆ ಸಾವಿರಾರು ದಿನ ನಡೆದ ಮೇಲೆ ಗಟ್ಟಿಯಾಗಿದ್ದ ಬಿಲ್ಲೆ ಊದಿಕೊಂಡು, ಒಳಗೆಲ್ಲ ಸಣ್ಣ ರಂಧ್ರಗಳಾಗಿ, ಟೊಳ್ಳಾಗುತ್ತದೆ.

ಟೊಳ್ಳಾದರೆ ಏನಾಯಿತು ಅನ್ನಬಹುದು. ಇಲ್ಲೇ ಇರುವುದು ಅಪಾಯ. ಮದ್ದು ಉರಿಯುವುದು ಮೇಲ್ಮೈಯಿಂದ ಒಳಕ್ಕೆ. ಗಟ್ಟಿ ಬಿಲ್ಲೆಯಾದರೆ ಹೊರಮೈ ಇಷ್ಟೇ, ಆದ್ದರಿಂದ ಅನಿಲ ಲೆಕ್ಕ ಹಾಕಿದ ವೇಗದಲ್ಲಿ ಬರುತ್ತದೆ. ರಂಧ್ರಗಳಿದ್ದರೆ ಬೆಂಕಿ ಒಳಗೂ ನುಗ್ಗುತ್ತದೆ, ಎಲ್ಲ ಕಡೆಯಿಂದ ಒಟ್ಟಿಗೇ ಉರಿಯುತ್ತದೆ. ಡಬ್ಬಿಯೊಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮದ್ದು ಇನ್ನೂ ಬೇಗ ಉರಿಯುತ್ತದೆ, ಅದರಿಂದ ಒತ್ತಡ ಮತ್ತೂ ಏರುತ್ತದೆ. ಅಷ್ಟು ಅನಿಲವನ್ನು ಹೊರಗೆ ಬಿಡಲು ಆ ಪುಟ್ಟ ತೂತುಗಳು ಸಾಲುವುದಿಲ್ಲ. ಕೊನೆಗೆ ಡಬ್ಬಿಯೇ ಸಿಡಿದು ಲೋಹದ ಚೂರುಗಳು ಚೀಲವನ್ನು ಹರಿದುಕೊಂಡು ಹಾರುತ್ತವೆ. ಎದುರಿಗೆ ಚಾಲಕರ ಮುಖ ಮತ್ತು ಕುತ್ತಿಗೆ.

ಪರಿಹಾರ ತೀರಾ ಸರಳವಾದದ್ದಿತ್ತು ಅನ್ನುವುದೇ ನೋವಿನ ಸಂಗತಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ತೇವ ಹೀರುವ ಪೊಟ್ಟಣ ಗೊತ್ತಲ್ಲ, ಅಂಥದ್ದೇ ಒಂದು ವಸ್ತುವನ್ನು ಡಬ್ಬಿಯೊಳಗೆ ಹಾಕಿದ್ದರೂ ಅಪಾಯ ಬಹಳ ದೂರ ಹೋಗುತ್ತಿತ್ತು. ಟಕಾಟಾ ಮುಂದೆ ಕೆಲವು ಮಾದರಿಗಳಲ್ಲಿ ಹಾಕಿತು ಕೂಡ. ಎಲ್ಲದರಲ್ಲೂ ಹಾಕಲಿಲ್ಲ. ಪ್ರತಿಸ್ಪರ್ಧಿಗಳಾದ ಸ್ವೀಡನ್ ಮೂಲದ ಆಟೋಲಿವ್, ಜಪಾನಿನದೇ ಆದ ಡೈಸೆಲ್ ಗ್ವಾನಿಡೀನ್ ನೈಟ್ರೇಟ್ ಅನ್ನುವ ಬೇರೆ ಮದ್ದಿಗೆ ಹೋದವು. ಟಕಾಟಾದ ದರಕ್ಕೆ ಸರಿಗಟ್ಟುವಂತೆ ತಮ್ಮನ್ನು ಕೇಳಿದಾಗ ಅಮೋನಿಯಂ ನೈಟ್ರೇಟನ್ನು ಪರೀಕ್ಷಿಸಿ ನೋಡಿ ಬೇಡವೆಂದೆವು ಅಂತ ಆಟೋಲಿವ್‌ನಲ್ಲಿದ್ದ ವಿಜ್ಞಾನಿಗಳು ಆಮೇಲೆ ಪತ್ರಿಕೆಗಳಿಗೆ ಹೇಳಿದರು.

ಈ ದೋಷ ಹೊಸ ಕಾರಿನಲ್ಲಿ ಕಾಣುವುದೇ ಇಲ್ಲ. ಹೊಸ ಇನ್‌ಫ್ಲೇಟರ್ ತಂದು ನೂರು ಸಲ ಸಿಡಿಸಿ ನೋಡಿ, ನೂರು ಸಲವೂ ಸರಿಯಾಗಿಯೇ ಉಬ್ಬುತ್ತದೆ. ಕೆಡಲು ಬೇಕಾದ ಮೂರು ಸಂಗತಿಗಳಲ್ಲಿ ಎರಡು ತೇವ ಮತ್ತು ಬಿಸಿ-ತಂಪಿನ ಏರಿಳಿತ, ಮೂರನೆಯದು ಕಾಲ. ಹತ್ತು ವರ್ಷ ಫ್ಲೋರಿಡಾದಲ್ಲಿ ನಿಂತ ಕಾರಿಗೆ ಏನಾಗುತ್ತದೆ ಅನ್ನುವುದನ್ನು ಲ್ಯಾಬಿನಲ್ಲಿ ಕೆಲವು ವಾರಗಳಲ್ಲಿ ಊಹಿಸಬೇಕು. ಆ ಊಹೆಗೆ ಪ್ರಾಮಾಣಿಕ ಅಂಕಿಗಳು ಬೇಕು. ಟಕಾಟಾದ ದೊಡ್ಡ ಅಪರಾಧ ಅಲ್ಲೇ ನಡೆಯಿತು ಅಂತ ನನಗನ್ನಿಸುತ್ತದೆ. ಅಗ್ಗದ ಮದ್ದನ್ನು ಆರಿಸಿದ್ದು ಬೇಕಾದರೆ ತಪ್ಪು ತೀರ್ಮಾನ ಅನ್ನೋಣ, ಅದನ್ನು ತಿದ್ದಿಕೊಳ್ಳಬಹುದಿತ್ತು. ಆದರೆ ಪರೀಕ್ಷೆಯಲ್ಲಿ ಬಂದ ಕೆಟ್ಟ ಅಂಕಿಗಳನ್ನು ತೆಗೆದುಹಾಕಿ, ಚೆನ್ನಾಗಿ ಕಾಣುವ ವರದಿಗಳನ್ನು ಕಾರು ಕಂಪನಿಗಳಿಗೆ ಕಳಿಸಿದರು. 2006ರ ಒಂದು ಇಮೇಲ್‌ನಲ್ಲಿ ಕಂಪನಿಯ ಎಂಜಿನಿಯರೊಬ್ಬರು ‘ಹ್ಯಾಪಿ ಮ್ಯಾನಿಪುಲೇಟಿಂಗ್’ ಅಂತ ಬರೆದು ಮೂರು ಆಶ್ಚರ್ಯ ಚಿಹ್ನೆ ಹಾಕಿದ್ದರು. ಅಂಕಿ ತಿದ್ದುವುದು ಅಲ್ಲಿ ಗುಟ್ಟೂ ಆಗಿರಲಿಲ್ಲ, ತಮಾಷೆಯಾಗಿತ್ತು.

ಮೊದಲ ರಿಕಾಲ್, ಅಂದರೆ ದೋಷ ಸರಿಮಾಡಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಸುವುದು, ಆದದ್ದು 2008ರ ನವೆಂಬರ್‌ನಲ್ಲಿ. ಬರೀ ಸುಮಾರು 4 ಸಾವಿರ ಹೋಂಡಾ ಕಾರುಗಳು. ಕಾರ್ಖಾನೆಯ ಪ್ರೆಸ್‌ ಯಂತ್ರ ಬಿಲ್ಲೆಗಳನ್ನು ಸರಿಯಾಗಿ ಒತ್ತಿಲ್ಲ, ಅಷ್ಟೇ ಅನ್ನುವ ವಿವರಣೆ ಬಂತು. ಅದರಲ್ಲಿ ಅರ್ಧ ಸತ್ಯವೂ ಇತ್ತು. 2009ರಲ್ಲಿ ಒಕ್ಲಹೋಮಾದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಸತ್ತಳು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಪ್ರತಿ ಸಲವೂ ಹೊಸ ಕಾರಣ, ಇನ್ನಷ್ಟು ಕಾರುಗಳು. 2016ರಲ್ಲಿ ಮೂರು ಸ್ವತಂತ್ರ ತನಿಖೆಗಳು ಒಂದೇ ಮಾತು ಹೇಳಿದ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ತೇವ ಹೀರುವ ವಸ್ತುವಿಲ್ಲದ ಅಮೋನಿಯಂ ನೈಟ್ರೇಟೇ ಮೂಲ ಅಂತ ಒಪ್ಪಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ವಾಪಸ್, ಜಗತ್ತಿನಲ್ಲಿ ಸುಮಾರು 10 ಕೋಟಿ. ವಿಪರ್ಯಾಸ ನೋಡಿ, ಮೊದಮೊದಲು ಬದಲಿಗೆ ಹಾಕಿದ ಇನ್‌ಫ್ಲೇಟರ್‌ಗಳಲ್ಲೂ ಅದೇ ಮದ್ದು. ಅವನ್ನು ಮತ್ತೊಮ್ಮೆ ಬದಲಿಸಬೇಕಾಯಿತು.

ಅಷ್ಟು ಹೊತ್ತಿಗೆ ಕಂಪನಿಯ ಕಥೆ ಮುಗಿಯುತ್ತಾ ಬಂದಿತ್ತು. ಸ್ಥಾಪಕರ ಮೊಮ್ಮಗ ಶಿಗೆಹಿಸಾ ಟಕಾಡಾ ಅಧ್ಯಕ್ಷರಾಗಿದ್ದರು. ಇಷ್ಟೆಲ್ಲ ಆದರೂ ಅವರು ಮಾಧ್ಯಮದ ಮುಂದೆ ಬಂದು ತಲೆಬಾಗಿ ಕ್ಷಮೆ ಕೇಳಿದ್ದು 2015ರ ಜೂನ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಅತಿ ದೊಡ್ಡ ಗಿರಾಕಿ ಹೋಂಡಾ, ಇನ್ನು ಹೊಸ ಮಾದರಿಗಳಿಗೆ ಟಕಾಟಾ ಇನ್‌ಫ್ಲೇಟರ್ ಬೇಡ ಅಂದಿತು. 2017ರ ಜನವರಿಯಲ್ಲಿ ಕಂಪನಿ ಅಮೆರಿಕದಲ್ಲಿ ವಂಚನೆಯ ತಪ್ಪೊಪ್ಪಿಕೊಂಡು 100 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 85 ಕೋಟಿ ಕಾರು ಕಂಪನಿಗಳಿಗೆ, ಗಾಯಗೊಂಡವರಿಗೆ ಮತ್ತು ಸತ್ತವರ ಮನೆಯವರಿಗೆ 12.5 ಕೋಟಿ. ಈ ಪಾಲು ನೋಡಿದರೆ ಹೊಟ್ಟೆ ಉರಿಯುತ್ತದೆ. ಜೂನ್ 26ರಂದು ದಿವಾಳಿ ಅರ್ಜಿ. ಯುದ್ಧಾನಂತರದ ಜಪಾನಿನಲ್ಲಿ ತಯಾರಿಕಾ ಕಂಪನಿಯೊಂದರ ಅತಿ ದೊಡ್ಡ ದಿವಾಳಿ ಅದು. ಉಳಿದ ವ್ಯವಹಾರವನ್ನು ಚೀನೀ ಮಾಲೀಕತ್ವದ, ಅಮೆರಿಕದ ಕೀ ಸೇಫ್ಟಿ ಸಿಸ್ಟಮ್ಸ್ ಸುಮಾರು 160 ಕೋಟಿ ಡಾಲರಿಗೆ ಕೊಂಡಿತು.

ಜಪಾನಿನಲ್ಲೂ ಹೊರಗೂ ಆಗ ದೊಡ್ಡ ಚರ್ಚೆ ನಡೆಯಿತು. ಕುಟುಂಬದ ಹಿಡಿತ ಜಾಸ್ತಿಯಾಯಿತು ಅಂದರು. ಜಪಾನೀ ಕಂಪನಿಗಳಲ್ಲಿ ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವವರಿಲ್ಲ, ಅವರ ಸಂಸ್ಕೃತಿಯೇ ಹಾಗೆ ಅಂದರು. ಮೊದಲನೆಯದರಲ್ಲಿ ಹುರುಳಿದೆ. ಎರಡನೆಯದು ಸೋಮಾರಿ ಮಾತು. ಈ ಇನ್‌ಫ್ಲೇಟರ್‌ಗಳು ಬಂದದ್ದು ಹೆಚ್ಚಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕ್ ಮತ್ತು ಮೆಕ್ಸಿಕೊದ ಮೊಂಕ್ಲೋವಾದಿಂದ. ಅಂಕಿ ತಿದ್ದಿದ್ದರ ಬಗ್ಗೆ ಇಮೇಲ್ ಬರೆದವರಲ್ಲಿ ಅಮೆರಿಕದವರೂ ಇದ್ದರು. 2014ರಲ್ಲಿ ಜನರಲ್ ಮೋಟಾರ್ಸ್‌ನ ಇಗ್ನಿಷನ್ ಸ್ವಿಚ್ ಹಗರಣ ಹೊರಬಿತ್ತು, ಅದರಲ್ಲಿ 124 ಸಾವಿಗೆ ಪರಿಹಾರ ಕೊಡಬೇಕಾಯಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿತ್ತು. ಡೆಟ್ರಾಯಿಟ್‌ನಲ್ಲೂ ಜರ್ಮನಿಯಲ್ಲೂ ಆದದ್ದಕ್ಕೆ ಟೋಕಿಯೊದ ಸಂಸ್ಕೃತಿಯನ್ನು ದೂರುವುದು ಹೇಗೆ?

ಸಾಮಾನ್ಯ ಜನರ ಪ್ರಶ್ನೆ ಬೇರೆಯೇ. ನನ್ನ ಕಾರು ಓಡಿಸಬಹುದಾ? ಇದಕ್ಕೆ ಒಂದೇ ಉತ್ತರವಿಲ್ಲ. 2001-2003ರ ಕೆಲವು ಹೋಂಡಾ ಮತ್ತು ಹೋಂಡಾದ್ದೇ ದುಬಾರಿ ಬ್ರ್ಯಾಂಡ್ ಆದ ಅಕ್ಯುರಾ ಕಾರುಗಳ ಇನ್‌ಫ್ಲೇಟರ್ ಪರೀಕ್ಷೆಯಲ್ಲಿ ಎರಡಕ್ಕೆ ಒಂದರಂತೆ ಸಿಡಿದವು. ಅಂಥ ಕಾರನ್ನು ರಿಪೇರಿಗೆ ಒಯ್ಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಓಡಿಸಬೇಡಿ ಅಂತ ಅಮೆರಿಕ ಸರ್ಕಾರ ಹೇಳಿತು. ಮಿಕ್ಕ ಬಹುತೇಕ ಮಾದರಿಗಳಲ್ಲಿ ಈ ಅಪಾಯ ತೀರಾ ಕಡಿಮೆ. ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. 2017ರವರೆಗೆ ಅಮೆರಿಕದಲ್ಲಿ ಮುಂಭಾಗದ ಏರ್‌ಬ್ಯಾಗ್‌ಗಳು 50 ಸಾವಿರಕ್ಕೂ ಹೆಚ್ಚು ಜೀವ ಉಳಿಸಿವೆ ಅನ್ನುವುದು ಅದೇ ಸುರಕ್ಷತಾ ಸಂಸ್ಥೆಯ ಅಂದಾಜು. ಟಕಾಟಾ ದೋಷದಿಂದ ಅಲ್ಲಿ ಸತ್ತವರು 25ಕ್ಕಿಂತ ಜಾಸ್ತಿ, ಗಾಯಗೊಂಡವರು ನೂರಾರು. ಹೆದರಿ ಏರ್‌ಬ್ಯಾಗನ್ನೇ ಕಿತ್ತು ಹಾಕಿಸುವುದು ಲೆಕ್ಕದಲ್ಲಿ ನಷ್ಟದ ಬಾಬ್ತು.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕ ತನ್ನ ನಕ್ಷೆಯನ್ನು ವಲಯಗಳಾಗಿ ಹಂಚಿ, ಸೆಕೆ-ತೇವ ಎರಡೂ ಜಾಸ್ತಿ ಇರುವ ಫ್ಲೋರಿಡಾ, ಹವಾಯಿಯಂಥ ಕಡೆಯ ಕಾರುಗಳನ್ನು ಮೊದಲು ಕರೆಸಿತು. ಮಲೇಷ್ಯಾದಲ್ಲೂ ಸಾವುಗಳಾದವು. ಯುರೋಪಿನಲ್ಲಿ 2024ರಲ್ಲಿ ಸಿತ್ರೋಯೆನ್ ಸಿ3, ಡಿಎಸ್3 ಕಾರುಗಳನ್ನು ಓಡಿಸಬೇಡಿ ಅಂತ ಮೊದಲು ಹೇಳಿದ್ದು ಬೆಚ್ಚಗಿನ ದಕ್ಷಿಣದವರಿಗೆ. 2025ರ ಜೂನ್‌ನಲ್ಲಿ ಉತ್ತರ ಫ್ರಾನ್ಸಿನ ರೀಮ್ಸ್‌ನಲ್ಲಿ ಒಬ್ಬರು ಸತ್ತ ಮೇಲೆ ಆ ಸೂಚನೆ ಇಡೀ ಫ್ರಾನ್ಸಿಗೆ ಬಂತು. ತಣ್ಣಗಿನ ಊರಿನಲ್ಲಿ ಮದ್ದು ಕೆಡುವುದು ನಿಧಾನ ಅಷ್ಟೇ, ಕೆಡುವುದಿಲ್ಲ ಅಂತಲ್ಲ.

ಈ ಕಣ್ಣಿನಿಂದ ನೋಡಿದರೆ ನಮ್ಮ ಮಂಗಳೂರು, ಉಡುಪಿ, ಕಾರವಾರಗಳ ಹವೆ ಬೆಂಗಳೂರಿಗಿಂತ ಫ್ಲೋರಿಡಾಕ್ಕೇ ಹತ್ತಿರ. ಭಾರತದಲ್ಲಿ ಹೋಂಡಾ 2017ರ ಜನವರಿಯಲ್ಲಿ 41 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿತು. ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೋಟಾ ಕೊರೊಲ್ಲಾ ಆಲ್ಟಿಸ್‌ಗಳಲ್ಲೂ 23 ಸಾವಿರಕ್ಕೂ ಹೆಚ್ಚು ಆ ವರ್ಷ ಈ ಪಟ್ಟಿಗೆ ಸೇರಿದವು. ಆಗ ನಮ್ಮಲ್ಲಿ ರಿಕಾಲ್ ಅನ್ನುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಸರ್ಕಾರವೇ ಆದೇಶ ಕೊಟ್ಟು ಕರೆಸುವ ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ.

ಇಲ್ಲಿನ ದೊಡ್ಡ ತೊಡಕು ಸೆಕೆಂಡ್ ಹ್ಯಾಂಡ್ ಕಾರುಗಳದ್ದು. ಕಾರು ಎರಡು ಮೂರು ಕೈ ಬದಲಾಗಿರುತ್ತದೆ, ಕಂಪನಿಯ ಪತ್ರ ಮೊದಲ ಮಾಲೀಕರ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಮದ್ದು ಕೆಡುವುದೋ, ಕಾರು ಹಳೆಯದಾದಷ್ಟೂ ಜಾಸ್ತಿ. ಹಳೆಯ ಹೋಂಡಾ, ಟೊಯೋಟಾ, ನಿಸ್ಸಾನ್ ಇದ್ದವರು ಆರ್‌ಸಿ ಕಾರ್ಡ್ ತೆಗೆದು ಅದರಲ್ಲಿರುವ ಚಾಸಿಸ್ ನಂಬರನ್ನು ಆಯಾ ಕಂಪನಿಯ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಹಾಕಿ ನೋಡಬಹುದು, ಇಲ್ಲವೇ ಶೋರೂಮಿಗೆ ಫೋನ್ ಮಾಡಿ ಕೇಳಬಹುದು. ನಂಬರ್ ಪಟ್ಟಿಯಲ್ಲಿದ್ದರೆ ಇನ್‌ಫ್ಲೇಟರನ್ನು ಕಂಪನಿಯೇ ತನ್ನ ಖರ್ಚಿನಲ್ಲಿ ಬದಲಾಯಿಸಿಕೊಡುತ್ತದೆ. ಇದನ್ನು ಪರಿಚಯದ ಗ್ಯಾರೇಜಿನಲ್ಲಿ ಬಿಚ್ಚಿಸಲು ಮಾತ್ರ ಹೋಗಬೇಡಿ, ಒಳಗಿರುವುದು ಸಿಡಿಮದ್ದು.