ಯೋಕಾನ್‌ನಲ್ಲಿ ಕುರಿ ಇಲ್ಲ

ಪ್ರಶ್ನೆ: ಮುಂದಿನ ತಿಂಗಳು ಹತ್ತು ದಿನ ಜಪಾನ್ ಪ್ರವಾಸ ಇದೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಮನೆಯವರಿಗೆ, ಆಫೀಸಿನವರಿಗೆ ತಿನ್ನೋಕೆ, ಕುಡಿಯೋಕೆ ಏನು ತರಬಹುದು? ಅಲ್ಲಿನ ಸಿಹಿಯಲ್ಲೆಲ್ಲ ಜೆಲಾಟಿನ್ ಇರುತ್ತೆ, ಸುಮ್ಮನೆ ಚಿಪ್ಸು, ಕ್ರ್ಯಾಕರ್ಸು ತಗೊಂಡು ಬನ್ನಿ ಅಂತ ಎಲ್ಲರೂ ಹೇಳ್ತಿದ್ದಾರೆ.

ಮಾರ್ಚ್ ಬಂತೆಂದರೆ ಸಕುರಾ ಮೊಗ್ಗಿಗಿಂತ ಮೊದಲು ಈ ಪ್ರಶ್ನೆ ಅರಳುತ್ತದೆ. ಟೋಕಿಯೋ ಪಕ್ಕದ ಸೈತಾಮಾಕ್ಕೆ ಬಂದು ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷದಿಂದಲೂ ಇದಕ್ಕೆ ಉತ್ತರ ಬರೆಯುತ್ತಿದ್ದೇನೆ. ಈ ಸಲ ಒಂದೇ ಕಡೆ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ: ನಿಮಗೆ ಸಲಹೆ ಕೊಟ್ಟವರು ವಿಷಯವನ್ನು ಪೂರ್ತಿ ತಲೆಕೆಳಗು ಮಾಡಿ ಹೇಳಿದ್ದಾರೆ. ಜಪಾನಿನ ಹಳೇ ಕಾಲದ ಸಿಹಿಗಳನ್ನು ಬಹುಮಟ್ಟಿಗೆ ನಿಶ್ಚಿಂತೆಯಿಂದ ತಿನ್ನಬಹುದು. ಭಯಪಡಬೇಕಾದ್ದು ಚಿಪ್ಸಿಗೆ.

ಮೊದಲು ಈ ಜೆಲಾಟಿನ್ ಭೂತವನ್ನು ಇಳಿಸೋಣ. ಜೆಲಾಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ, ತಿನಿಸನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ಪದಾರ್ಥ. ಅಲ್ಲಿ ಸಾಂಪ್ರದಾಯಿಕ ಸಿಹಿಗೆ ವಾಗಾಶಿ ಅನ್ನುತ್ತಾರೆ. ಅದರ ಸಾಮಾನಿನ ಪಟ್ಟಿ ನಮ್ಮ ಅಜ್ಜಿಯರ ಡಬ್ಬಿಗಳ ಸಾಲಿನಂತಿದೆ: ಅಕ್ಕಿಹಿಟ್ಟು, ಕಾಳು, ಸಕ್ಕರೆ, ಎಳ್ಳು. ಅಜುಕಿ ಅನ್ನುವ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಕೆದಕಿ ಮಾಡಿದ ಅಂಕೊ ಇದೆಯಲ್ಲ, ಅದು ಹೂರಣವೇ. ಅಜುಕಿ ಕೂಡ ಹೆಸರು, ಉದ್ದು, ಅಲಸಂದೆಯ ದಾಯಾದಿಯೇ. ಕಾಳು ಕಾಳಾಗಿ ಬಿಟ್ಟರೆ ತ್ಸುಬುಆನ್, ಸಿಪ್ಪೆ ಸೋಸಿ ನುಣ್ಣಗೆ ಮಾಡಿದರೆ ಕೋಶಿಆನ್. ದಾವಣಗೆರೆಯಿಂದ ಬಂದಿದ್ದ ನಮ್ಮತ್ತೆ, ಅಂಕೊವನ್ನು ಮೋಚಿ ಅನ್ನುವ ಅಂಟು ಅಕ್ಕಿಮುದ್ದೆಯಲ್ಲಿ ಸುತ್ತಿದ ಒಂದು ದೈಫುಕು ಕಚ್ಚಿ, ಒಳಗಿನದನ್ನು ನಾಲಿಗೆ ಮೇಲೆ ಹೊರಳಿಸಿ, "ಹೋಳಿಗೆ ಹೂರಣ ಚೆನ್ನಾಗೈತಿ, ಏಲಕ್ಕಿ ಹಾಕೋದು ಮರ್ತಾರ" ಅಂದರು. ಇಷ್ಟು ಚುಟುಕಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

"ಆದರೆ ಮೋಚಿ ಅಷ್ಟು ಎಳೆಯುತ್ತಲ್ಲ, ಜೆಲಾಟಿನ್ ಇಲ್ಲದೆ ಹೇಗೆ?" ಅಂಟಕ್ಕಿಯಿಂದ. ಆ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ ಒರಳಿನಲ್ಲಿ ಕುಟ್ಟಿದರೆ ತಾನಾಗಿಯೇ ಎಳೆಯುತ್ತದೆ, ಬೇರೆ ಏನೂ ಬೇಡ.

ಇನ್ನು ಜೆಲ್ಲಿಯಂತೆ ಗಟ್ಟಿಯಾದ ಸಿಹಿಗಳು. ಅವುಗಳಲ್ಲಿ ಇರುವುದು ಕಾಂತೆನ್, ಅಂದರೆ ಸಮುದ್ರಪಾಚಿಯಿಂದ ತೆಗೆದ ಅಗರ್. ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಕೇಳಿ ತರುತ್ತೇವಲ್ಲ, ಅದೇ. 17ನೇ ಶತಮಾನದಲ್ಲಿ ಕ್ಯೋಟೋದ ಫುಶಿಮಿಯಲ್ಲಿ ಒಬ್ಬ ವಸತಿಗೃಹದ ಯಜಮಾನ ಉಳಿದ ಪಾಚಿ ಜೆಲ್ಲಿಯನ್ನು ಚಳಿಗಾಲದ ರಾತ್ರಿ ಹೊರಗೆ ಚೆಲ್ಲಿದ, ಅದು ಹೆಪ್ಪುಗಟ್ಟಿ, ಕರಗಿ, ಒಣಗಿ ಹಗುರಾದ ಬೆಂಡಿನಂತಾಯಿತು, ಅದೇ ಕಾಂತೆನ್ ಆಯಿತು ಅನ್ನುವುದು ಅಲ್ಲಿ ಹೇಳುವ ಕತೆ. ಕತೆ ಹೇಗಾದರೂ ಇರಲಿ, ಕೆಲಸ ಇವತ್ತಿಗೂ ಹಾಗೇ ನಡೆಯುತ್ತದೆ. ನಾಗಾನೊ ಪ್ರಾಂತ್ಯದ ಚಿನೊ ಊರಿನಲ್ಲಿ ಚಳಿಗಾಲದಲ್ಲಿ ಬಯಲಲ್ಲಿ ಸಾಲು ಸಾಲಾಗಿ ಹರಡಿರುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ನೀರಿಳಿಯುತ್ತದೆ. ನಾವು ಬಿಸಿಲಿಗೆ ಸಂಡಿಗೆ ಇಟ್ಟಂತೆ ಅವರು ಚಳಿಗೆ ಇಡುತ್ತಾರೆ.

ಎರಡರ ವ್ಯತ್ಯಾಸ ಬಾಯಲ್ಲೇ ಗೊತ್ತಾಗುತ್ತದೆ. ಜೆಲಾಟಿನ್ ಮೈ ಬಿಸಿಗೇ ಕರಗುತ್ತದೆ; ಅದಕ್ಕೇ ನಾಲಿಗೆ ಮೇಲೆ ಜಾರಿ ಹೋಗುತ್ತದೆ. ಕಾಂತೆನ್ ಕರಗಬೇಕಾದರೆ 85 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾಯಬೇಕು. ಹಾಗಾಗಿ ಹಲ್ಲಿಗೆ ಚಕ್ಕನೆ ಮುರಿಯುತ್ತದೆ, ಕಲಬುರಗಿಯ ಮೇ ತಿಂಗಳಲ್ಲೂ ಆಕಾರ ಬಿಡುವುದಿಲ್ಲ.

ಈಗ ಯೋಕಾನ್ ವಿಷಯ. ಅಜುಕಿ, ಸಕ್ಕರೆ, ಕಾಂತೆನ್ ಸೇರಿಸಿ ಮಾಡಿದ, ಸೋಪಿನ ಬಿಲ್ಲೆಯಂತಿರುವ ಗಟ್ಟಿ ಸಿಹಿ. ಪರಿಚಯದವರೊಬ್ಬರು ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಇದರ ಪೆಟ್ಟಿಗೆ ಕೈಯಲ್ಲಿ ಹಿಡಿದು, ಫೋನಿನ ಕ್ಯಾಮೆರಾದಲ್ಲಿ ಅನುವಾದ ನೋಡಿ, ಬಿಸಿ ಬಾಣಲೆ ಮುಟ್ಟಿದವರ ಹಾಗೆ ವಾಪಸ್ ಇಟ್ಟರು. ಪರದೆಯಲ್ಲಿ "ಕುರಿ" ಅಂತ ಬಂದಿತ್ತು. ಫೋನು ಸುಳ್ಳು ಹೇಳಲಿಲ್ಲ. ಯೋಕಾನ್ ಎಂದು ಬರೆಯುವ ಮೊದಲ ಅಕ್ಷರ ಕುರಿಯದ್ದೇ: ಮೇಲೆ ಎರಡು ಪುಟ್ಟ ಕೊಂಬು, ಕೆಳಗೆ ಮೂರು ಅಡ್ಡಗೆರೆ, ನಡುವೆ ಒಂದು ನೇರ ಗೆರೆ. ಎರಡನೆಯದು ಗಟ್ಟಿ ಸಾರಿನ ಅಕ್ಷರ. ಚೀನಾದಲ್ಲಿ ಅದು ನಿಜಕ್ಕೂ ಕುರಿಮಾಂಸದ ಸಾರೇ ಆಗಿತ್ತು. ಜಪಾನಿಗೆ ಬಂದಾಗ ಮಾಂಸ ಮುಟ್ಟದ ಜೆನ್ ಭಿಕ್ಷುಗಳು ಆ ಜಾಗಕ್ಕೆ ಕಾಳು, ಹಿಟ್ಟು ಹಾಕಿದರು. ಕಾಲ ಕಳೆದಂತೆ ಸಾರು ಹೋಗಿ ಸಿಹಿಯಾಯಿತು, ಹೆಸರು ಮಾತ್ರ ಉಳಿಯಿತು. ಅಂದರೆ ಸಸ್ಯಾಹಾರಿಗಳೇ ಸಸ್ಯಾಹಾರಿಗಳಿಗಾಗಿ ಮಾಡಿಕೊಂಡ ತಿಂಡಿಯನ್ನು ನಮ್ಮವರು ಕುರಿ ಅಂತ ಬಿಟ್ಟು, ಪಕ್ಕದ ಅಂಗಡಿಗೆ ಹೋಗಿ ಕೋಳಿ ಪುಡಿ ಉದುರಿಸಿದ ಚಿಪ್ಸ್ ಕೊಳ್ಳುತ್ತಾರೆ! ಮೀನಿನ ಆಕಾರದ ತೈಯಾಕಿಯದ್ದೂ ಇದೇ ಗೋಳು. ಒಳಗಿರುವುದು ಅಂಕೊ, ಮೀನಿನ ಸುಳಿವೂ ಇಲ್ಲ. (ಹೊರಗಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ನೀವು ಅದಕ್ಕಾಗಿ ಬಿಡಿ.)

ಹಾಗಂತ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತಿಲ್ಲ. ಮೋಚಿ ಅಂತ ಬರೆದದ್ದೆಲ್ಲ ಅಕ್ಕಿ ಕುಟ್ಟಿದ ಮೋಚಿಯಲ್ಲ. ಕಾರ್ಖಾನೆಯಲ್ಲಿ ಮಾಡಿದ ಕೆಲವದರಲ್ಲಿ ಮೆದುವಾಗಿರಲಿ ಅಂತ ಮೊಟ್ಟೆಯ ಬಿಳಿ ಸೇರಿಸುತ್ತಾರೆ. ಅಂಕೊ ಇಟ್ಟ ಪ್ಯಾನ್‌ಕೇಕ್ ದೊರಾಯಾಕಿ, ಸ್ಪಂಜಿನಂಥ ಕೇಕ್ ಕಾಸುತೆರಾ, ವಿಮಾನ ನಿಲ್ದಾಣದಲ್ಲಿ ಗುಡ್ಡೆ ಹಾಕಿರುವ ಟೋಕಿಯೋ ಬನಾನಾ ಕೇಕು ಎಲ್ಲದರಲ್ಲೂ ಮೊಟ್ಟೆ ಇದೆ. ಗಮ್ಮಿ, ಮಾರ್ಷ್‌ಮ್ಯಾಲೋ, ಮೆತ್ತನೆಯ ಅಗಿಯುವ ಕ್ಯಾಂಡಿಗಳಲ್ಲಿ ಜೆಲಾಟಿನ್ ಸಾಮಾನ್ಯ. ಒಟ್ಟಿನಲ್ಲಿ ಪಶ್ಚಿಮದಿಂದ ಬಂದ ಸಿಹಿಯಾದರೆ ಚೀಟಿ ನೋಡಿ.

ಈಗ ಚಿಪ್ಸಿಗೆ ಬರೋಣ. ಚಿತ್ರದಲ್ಲಿ ಆಲೂಗಡ್ಡೆ ಮಾತ್ರ ಇರುತ್ತದೆ. ಕಾನ್ಸೊಮೆ ಅನ್ನುವ ಜನಪ್ರಿಯ ರುಚಿ ಅಂದರೆ ಮಾಂಸದ ಸಾರಿನ ರುಚಿ, ಅದಕ್ಕೆ ಕೋಳಿ ಅಥವಾ ದನದ ಸಾರದ ಪುಡಿ ಬಿದ್ದಿರುತ್ತದೆ. ಸೋಯಾ ಸಾಸ್ ಹಚ್ಚಿದ ಅಕ್ಕಿ ಕ್ರ್ಯಾಕರ್, ಅಂದರೆ ಸೆಂಬೆಯಲ್ಲಿ ಎಷ್ಟೋ ಸಲ ಕಾತ್ಸುಒ ಮೀನಿನ ಸಾರ. ಕಡಲೇಬೀಜದ ಜತೆ ಬರುವ ಖಾರದ ಕಾಕಿನೊತಾನೆ ನಮ್ಮ ಖಾರಾ ಮಿಕ್ಸ್‌ಚರಿನ ತಮ್ಮನಂತೆ ಕಾಣುತ್ತದೆ, ಅದರಲ್ಲೂ ಹಲವು ಕಡೆ ಇದೇ ಕತೆ. ಪೊಟ್ಟಣದ ಹಿಂದೆ ಅಲರ್ಜಿ ಪದಾರ್ಥಗಳ ಸಾಲು ಇರುತ್ತದೆ, ಜಾಣರು ಅದನ್ನು ನೋಡಿ "ಮೀನಿಲ್ಲ" ಅಂತ ತೀರ್ಮಾನಿಸುತ್ತಾರೆ. ಜಪಾನಿನ ಅಲರ್ಜಿ ಪಟ್ಟಿಯಲ್ಲಿ ಕಾತ್ಸುಒ ಇಲ್ಲವೇ ಇಲ್ಲ. ಸಿಗಡಿ, ಏಡಿ, ಮೊಟ್ಟೆ, ಹಾಲು, ಗೋಧಿ ಕಡ್ಡಾಯ. ಜೆಲಾಟಿನ್, ಕೋಳಿ, ಹಂದಿ, ದನ ಶಿಫಾರಸು ಮಾತ್ರ. ಆದ್ದರಿಂದ ಆ ಸಾಲನ್ನಲ್ಲ, ಅದಕ್ಕೂ ಮೇಲಿರುವ ಪೂರ್ತಿ ಸಾಮಾನಿನ ಪಟ್ಟಿಯನ್ನು ಓದಿಸಿ. ಅಂಗಡಿಯಲ್ಲಿ ಕೇಳುವುದಾದರೆ "ಝೆರಾಚಿನ್ ಹಾಯಿತ್ತೆ ಇಮಾಸ್ ಕಾ?" ಅನ್ನಿ; ಜೆಲಾಟಿನ್ ಹಾಕಿದೆಯಾ ಅಂತ. ಮೊಟ್ಟೆಗೆ ತಮಾಗೊ, ಮೀನಿಗೆ ಸಕಾನಾ. "ನಾನು ವೆಜಿಟೇರಿಯನ್" ಅಂತ ಮಾತ್ರ ಹೇಳಬೇಡಿ. ಕೇಳಿದವರು ಮಾಂಸದ ತುಂಡು ಬೇಡ ಅಂತ ತಿಳಿದುಕೊಂಡು, ಮೀನಿನ ಸಾರು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಾರೆ.

ಸರಿ, ಏನು ತರೋದು? ನನ್ನ ಮೊದಲ ಆಯ್ಕೆ ವಾಸಾನ್‌ಬೊನ್. ತೊಕುಶಿಮಾ, ಕಾಗಾವಾ ಕಡೆಯ ಕಬ್ಬಿನ ನಯವಾದ ಸಕ್ಕರೆಯನ್ನು ಚೂರು ನೀರು ಚಿಮುಕಿಸಿ ಮರದ ಅಚ್ಚಿಗೆ ಒತ್ತಿ ತೆಗೆಯುತ್ತಾರೆ. ಹೂವು, ಎಲೆ, ಚಿಪ್ಪು. ನೋಡಿದೊಡನೆ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತದೆ. ಆದರೆ ನಮ್ಮದು ಪಾಕ ಹೊಯ್ದು ಮಾಡಿದ್ದು, ಕಟುಂ ಅನ್ನುತ್ತದೆ; ಅದು ಬರೀ ಒತ್ತಿದ ಪುಡಿ, ನಾಲಿಗೆ ಮೇಲಿಟ್ಟರೆ ಮಾಯ. ಹಗುರ, ಬೇಗ ಕೆಡುವುದಿಲ್ಲ, ಪೆಟ್ಟಿಗೆಯೇ ಚಂದ. ಸಂಕ್ರಾಂತಿ ಅಂದೆನಲ್ಲ, ಕೊಂಪೈತೊ ಕೂಡ ನೋಡಿ. ಮೈಯೆಲ್ಲ ಮುಳ್ಳು ಮುಳ್ಳಾದ ಬಣ್ಣದ ಸಕ್ಕರೆ ಕಾಳು. ಪೋರ್ಚುಗೀಸರು ತಂದದ್ದು; 1569ರಲ್ಲಿ ಲೂಯಿಸ್ ಫ್ರೋಯಿಸ್ ಎಂಬ ಪಾದ್ರಿ ದಂಡನಾಯಕ ಓಡಾ ನೊಬುನಾಗಾನಿಗೆ ಗಾಜಿನ ಸೀಸೆಯಲ್ಲಿ ಇದನ್ನು ಕಾಣಿಕೆ ಕೊಟ್ಟಿದ್ದ. ಬಿಸಿ ಬಾಣಲೆಯಲ್ಲಿ ಕಾಳು ಹೊರಳುತ್ತಿದ್ದಂತೆ ಪಾಕ ತೊಟ್ಟಿಕ್ಕಿಸುತ್ತಾ ಹೋದರೆ ಮುಳ್ಳು ಏಳುತ್ತದೆ. ಉತ್ತರ ಕರ್ನಾಟಕದವರು ಈಗಾಗಲೇ ತಲೆ ಆಡಿಸುತ್ತಿದ್ದೀರಿ: ಹೌದು, ಕುಸುರೆಳ್ಳು. ನಮ್ಮದು ಎಳ್ಳಿನ ಮೇಲೆ ಬೆಳೆಯುತ್ತದೆ, ಅವರದು ಈಗ ಸಕ್ಕರೆ ಹರಳಿನ ಮೇಲೆ.

ಆಫೀಸಿಗಾದರೆ ಕ್ಯೋಟೋದ ಯಾತ್ಸುಹಾಶಿ. ಅಕ್ಕಿಹಿಟ್ಟು, ಸಕ್ಕರೆ, ದಾಲ್ಚಿನ್ನಿ. ಸುಟ್ಟದ್ದು ಕೋತೊ ವಾದ್ಯದಂತೆ ಬಾಗಿರುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಮೆತ್ತಗಿನದ್ದು ಮಡಚಿ ಅಂಕೊ ತುಂಬಿದ್ದು, ವಾರದೊಳಗೆ ಮುಗಿಸಿ. ಕುರುಕಲು ಬೇಕೇ ಬೇಕೆಂದರೆ ಸಿಹಿಗೆಣಸಿಗೆ ಹೋಗಿ: ಇಬರಾಕಿಯ ಹೊಶಿಇಮೊ ಬೇಯಿಸಿ ಒಣಗಿಸಿದ ಗೆಣಸು, ಬೇರೇನೂ ಇಲ್ಲ, ಕೋಚಿಯ ಇಮೊಕೆಂಪಿ ಕರಿದು ಸಕ್ಕರೆ ಹಿಡಿಸಿದ ಗೆಣಸಿನ ಕಡ್ಡಿ. ಓಕಿನಾವಾದ ಕಪ್ಪು ಸಕ್ಕರೆಯನ್ನು ದಯವಿಟ್ಟು ತರಬೇಡಿ. ಅದು ಬೆಲ್ಲ. ಮಂಡ್ಯ ಇದೆ.

ಇದೆಲ್ಲ ಕೊಳ್ಳಲು ಸರಿಯಾದ ಜಾಗ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ, ಡೆಪಾಚಿಕಾ. ತಾಜಾ ದೈಫುಕು ಅಲ್ಲೇ ನಿಂತು ತಿನ್ನಿ. "ಇವತ್ತೇ ತಿನ್ನಿ" ಅಂತ ಬರೆದಿದ್ದರೆ ಅದು ಅಲಂಕಾರದ ಮಾತಲ್ಲ, ಮಾರನೇ ದಿನಕ್ಕೆ ಕಲ್ಲಾಗುತ್ತದೆ. ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಓದಬೇಕು. 26.10.05 ಅಂದರೆ 2026ರ ಅಕ್ಟೋಬರ್ 5, ಇಪ್ಪತ್ತಾರನೇ ತಾರೀಖಲ್ಲ. ನೀರು ನೀರಾದ ಮಿಜು ಯೋಕಾನ್ ಮತ್ತು ಪುಡ್ಡಿಂಗ್ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ದ್ರವ ಅಂತ ತೆಗೆದಿಡಬಹುದು, ಲಗೇಜಿಗೆ ಹಾಕಿ.

ಕುಡಿಯುವುದರಲ್ಲಿ ಚಹಾ ಸುಲಭ. ಹುರಿದ ಎಲೆಯ ಹೋಜಿಚಾ, ಹುರಿದಕ್ಕಿ ಬೆರೆಸಿದ ಗೆನ್‌ಮೈಚಾ. ಎರಡನೆಯದರ ಪೊಟ್ಟಣ ಬಿಚ್ಚಿದರೆ ಹುರಿದ ಅಕ್ಕಿಯ ಘಮವೇ ಬರುತ್ತದೆ. ರಾತ್ರಿ ನಿದ್ದೆ ಬರಲ್ಲ ಅನ್ನುವ ಹಿರಿಯರಿಗೆ ಬಾರ್ಲಿಯ ಮುಗಿಚಾ, ಕೆಫೀನ್ ಇಲ್ಲ. ಬಾಟಲಿಯ ಹಸಿರು ಚಹಾಕ್ಕೆ ಸಕ್ಕರೆ ಇರುವುದಿಲ್ಲ, ಕೆಟ್ಟಿದೆ ಅಂತ ಚೆಲ್ಲಬೇಡಿ.

ನಾನು ತಪ್ಪದೆ ಒಯ್ಯುವುದು ಕ್ಯಾಲ್ಪಿಸ್. ಹುದುಗಿಸಿದ ಹಾಲಿನ ಗಟ್ಟಿ ದ್ರಾವಣ, ನೀರು ಬೆರೆಸಿದರೆ ಸಕ್ಕರೆ ಹಾಕಿದ ತಿಳಿ ಮಜ್ಜಿಗೆ. ಮಿಶಿಮಾ ಕೈಉನ್ ಎಂಬುವರು ಒಳ ಮಂಗೋಲಿಯಾದಲ್ಲಿ ಹುಳಿ ಹಾಲು ಕುಡಿದು ಬಂದು, 1919ರ ಜುಲೈ 7ರಂದು ಮಾರಾಟಕ್ಕಿಟ್ಟರು. ಹೆಸರಿನ ಮೊದಲರ್ಧ ಕ್ಯಾಲ್ಸಿಯಂ. ಉಳಿದರ್ಧ ಸಂಸ್ಕೃತದ "ಸರ್ಪಿಸ್". ಬೌದ್ಧ ಗ್ರಂಥಗಳ ಮೂಲಕ ಹೋದ ಮಾತು. ನಮ್ಮ ಆಯುರ್ವೇದದವರನ್ನು ಕೇಳಿದರೆ ತುಪ್ಪ ಅನ್ನುತ್ತಾರೆ. ಬಾಟಲಿಯಲ್ಲಿ ತುಪ್ಪ ಏನೂ ಇಲ್ಲ ಬಿಡಿ.

ರಾಮುನೆ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನೀವು ಖಂಡಿತ ಅದನ್ನು ಕೊಂಡು "ಜಪಾನೀಯರ ತಲೆ ನೋಡಿ" ಅಂತ ಸ್ಟೇಟಸ್ ಹಾಕುತ್ತೀರಿ. ಕುತ್ತಿಗೆಯಲ್ಲಿ ಗಾಜಿನ ಗೋಲಿ ಇರುವ ಸೋಡಾ. ಆ ಬಾಟಲಿ ಜಪಾನಿನದ್ದೂ ಅಲ್ಲ, ನಮ್ಮದೂ ಅಲ್ಲ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದದ್ದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಅದುಮಿ ಹಿಡಿಯುತ್ತದೆ; ಬಾಟಲಿಯನ್ನು ತಲೆಕೆಳಗು ಮಾಡಿ ತುಂಬುವುದು ಅದಕ್ಕೇ. ಕುತ್ತಿಗೆ ಚಿವುಟಿದಂತಿರುವುದು ಒಳಬಿದ್ದ ಗೋಲಿ ತಳಕ್ಕೆ ಹೋಗದಿರಲಿ ಅಂತ. ಆಮೇಲೆ ಸೀಲು ಮುಚ್ಚಳ ಬಂತು, ಇಂಗ್ಲೆಂಡಿನಲ್ಲೇ ಈ ಬಾಟಲಿ ಮೂಲೆ ಸೇರಿತು. ಜಪಾನಿನಲ್ಲಿ "ಲೆಮನೇಡ್" ಬಾಯಿಂದ ಬಾಯಿಗೆ ಸವೆದು "ರಾಮುನೆ" ಆಗಿ ಉಳಿಯಿತು. ನಮ್ಮಲ್ಲಿ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಗೋಲಿ ಸೋಡಾ ಆಗಿ ಉಳಿಯಿತು.

ಹೋದ ಬೇಸಿಗೆ ದಾವಣಗೆರೆಯಲ್ಲಿ ಮಗನಿಗೆ ಒಂದು ಕೊಡಿಸಿದೆ. ರಾಮುನೆ ಜತೆ ಗೋಲಿ ತಳ್ಳಲು ಪ್ಲಾಸ್ಟಿಕ್ಕಿನ ಒಂದು ಗುಬುಟು ಬರುತ್ತದೆ. ಅವನು ಬಾಟಲಿಯನ್ನು ತಿರುಗಿಸಿ ತಿರುಗಿಸಿ ಅದನ್ನೇ ಹುಡುಕಿದ. "ತಳ್ಳೋದು ಎಲ್ಲಿ ಅಂಕಲ್?" ಅಂತ ಕೇಳಿದ. ಅಂಗಡಿಯವರು ಏನೂ ಅನ್ನದೆ ಬಾಟಲಿ ತಗೊಂಡು, ಹೆಬ್ಬೆರಳಿಟ್ಟು ಒಂದೇ ಸಲ ಒತ್ತಿ ಅವನ ಕೈಗೆ ವಾಪಸ್ ಕೊಟ್ಟರು.